ಕಳಂಬೋಲಿಯಲ್ಲಿ ಬೆಂದ ಇಡ್ಲಿ

ಕಲ್ಯಾಣದಿಂದ ಪನ್ವೇಲ್‌ವರೆಗೆ ಯಾವ ಊರಿನಲ್ಲೇ ಫ್ರಿಜ್ ಕೆಡಲಿ, ರಿಪೇರಿಯವನು ಹೊಸ್ತಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಹೇಳುವ ಮಾತು ಒಂದೇ: “ಗ್ಯಾಸ್ ನಿಕಲ್ ಗಯಾ, ಸಾಬ್.” ಬಾಗಿಲಿನ ರಬ್ಬರು ಹರಿದು ಜೋತಾಡುತ್ತಿದ್ದರೂ ಗ್ಯಾಸ್ ಹೋಗಿದೆ. ಹಿಂದಿನ ಜಾಲರಿಗೆ ನಾಲ್ಕು ದೀಪಾವಳಿಯ ಧೂಳು ಮೆತ್ತಿಕೊಂಡಿದ್ದರೂ ಗ್ಯಾಸ್ ಹೋಗಿದೆ. ಪ್ಲಗ್ಗೇ ಸಿಕ್ಕಿಸಿರದ ಒಂದು ಮನೆಯಲ್ಲೂ ಗ್ಯಾಸೇ ಹೋಗಿತ್ತೆಂದು ನಮ್ಮ ಕಟ್ಟಡದವರು ಈಗಲೂ ಹೇಳಿಕೊಂಡು ನಗುತ್ತಾರೆ. ಅದು ನಿಜವೋ ಕಟ್ಟುಕತೆಯೋ, ಡೊಂಬಿವಲಿಯಲ್ಲಿ ಅದನ್ನು ನಂಬದವರನ್ನು ನಾನು ಕಂಡಿಲ್ಲ.

ಫ್ರಿಜ್ಜಿನ ಗ್ಯಾಸು ಅಡುಗೆಯ ಸಿಲಿಂಡರಿನ ಗ್ಯಾಸಲ್ಲ, ಉರಿದು ಮುಗಿಯುವುದಕ್ಕೆ. ಬೆಸುಗೆ ಹಾಕಿ ಮುಚ್ಚಿದ ಕೊಳವೆಯೊಳಗೆ ಅಷ್ಟೇ ಗ್ಯಾಸು ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಅದು ಹೋಗಿದ್ದರೆ ಎಲ್ಲೋ ತೂತಿದೆ ಎಂದರ್ಥ. ತೂತು ಹುಡುಕದೆ ಗ್ಯಾಸು ತುಂಬಿಸಿ ಹೋದವನು ಮುಂದಿನ ಬೇಸಿಗೆಯ ತನ್ನ ಸಂಪಾದನೆಗೂ ವ್ಯವಸ್ಥೆ ಮಾಡಿಕೊಂಡೇ ಹೋಗಿರುತ್ತಾನೆ. ಇನ್ನೊಂದು ಸಂಗತಿ. ಫ್ರಿಜ್ ತಂಪನ್ನು ತಯಾರಿಸುವುದಿಲ್ಲ; ಒಳಗಿನ ಬಿಸಿಯನ್ನು ದೋಣಿಯೊಳಗಿನ ನೀರು ಮೊಗೆದು ಚೆಲ್ಲುವಂತೆ ಹೊರಗೆ ಚೆಲ್ಲುತ್ತಿರುತ್ತದೆ. ಹಾಗಾಗಿ ಚೆಲ್ಲಲು ಜಾಗ ಬೇಕು, ಚೆಲ್ಲಲು ಕಸುವು ಬೇಕು, ಚೆಲ್ಲಿದ್ದು ಮತ್ತೆ ಒಳಗೆ ಬಾರದಿರಬೇಕು. ಈ ಮೂರೂ ಪೆಟ್ಟಿಗೆಯ ಹೊರಗಿನ ವಿಚಾರಗಳು. ಫ್ರಿಜ್ ಕೆಟ್ಟಾಗ ಕೊನೆಗೆ ಅನುಮಾನಿಸಬೇಕಾದದ್ದು ಫ್ರಿಜ್ಜನ್ನು ಎಂಬುದು ನನ್ನ ಸಿದ್ಧಾಂತ. ಮನೆಯಲ್ಲಿ ಇದು ಅರ್ಧ ಸತ್ಯವಾದರೆ, ಗಾಲಿಯ ಮೇಲೆ ಹೊರಟ ಫ್ರಿಜ್ಜಿನ ವಿಷಯದಲ್ಲಿ ಮುಕ್ಕಾಲು ಸತ್ಯ.

ಗಾಲಿಯ ಮೇಲಿನ ಫ್ರಿಜ್ಜಿನ ಸಹವಾಸ ನನಗೆ ತಗುಲಿದ್ದು ಅಣ್ಣನ ಮಗನಿಂದ. ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯದಲ್ಲಿ ಕಲಿತು, ನವಿ ಮುಂಬಯಿಯಲ್ಲಿ ಕಂಪ್ಯೂಟರ್ ಕೆಲಸ ಹಿಡಿದ ಹುಡುಗ. 2021ರಲ್ಲಿ ಮಹಾರಾಷ್ಟ್ರ ಸರ್ಕಾರ ಕ್ಯಾರವಾನ್ ಪ್ರವಾಸೋದ್ಯಮಕ್ಕೊಂದು ನೀತಿ ತಂದಿತು. ಅದೇ ವರ್ಷ ಕೇರಳವೂ ತಂದಿತು. ಸರ್ಕಾರದ ನೀತಿ ಓದಿ ಹುರುಪುಗೊಳ್ಳುವವರು ದೇಶದಲ್ಲಿ ಯಾರಾದರೂ ಇದ್ದರೆ ಅದು ಇವನು. ಸ್ನೇಹಿತರಿಬ್ಬರ ಜೊತೆ ಸೇರಿ ಒಂದು ಹಳೆಯ ಟೆಂಪೋ ಟ್ರಾವೆಲರ್ ಕೊಂಡ. ಥಾಣೆಯ ವಾಗ್ಳೆ ಎಸ್ಟೇಟಿನ ಗ್ಯಾರೇಜೊಂದರಲ್ಲಿ ಸೀಟು ಕೀಳಿಸಿ, ಮಂಚ ಹೂಡಿಸಿ, ಒಲೆ ಇಡಿಸಿ, ಸಾಗುವಾನಿ ಬಣ್ಣದ ಕಪಾಟು ಮಾಡಿಸಿ, ಆ ಕಪಾಟಿನೊಳಗೆ ಹನ್ನೆರಡು ವೋಲ್ಟಿನ ಫ್ರಿಜ್ ಕೂರಿಸಿದ. 1962ರಲ್ಲಿ ಮಹಾರಾಷ್ಟ್ರದ ಕೈಗಾರಿಕಾ ಅಭಿವೃದ್ಧಿ ನಿಗಮ ಎಂಐಡಿಸಿ ತನ್ನ ಕೆಲಸ ಶುರುಮಾಡಿದ್ದು ಇದೇ ವಾಗ್ಳೆ ಎಸ್ಟೇಟಿನಲ್ಲಿ. ಅಲ್ಲಿ ತಿರುಗದ ಲೇತಿಲ್ಲ, ಬೆಸುಗೆಯಾಗದ ಲೋಹವಿಲ್ಲ. ಆದರೆ ಬಡಗಿಗೆ ಫ್ರಿಜ್ ಗೊತ್ತಿರಲಿಲ್ಲ, ಫ್ರಿಜ್ಜಿನವನಿಗೆ ಗಾಡಿ ಗೊತ್ತಿರಲಿಲ್ಲ, ಗಾಡಿಯವನು ಇಬ್ಬರನ್ನೂ ಮಾತಾಡಿಸಿರಲಿಲ್ಲ.

“ಚಿಕ್ಕಪ್ಪ, ಈ ಸಲ ಊರಿಗೆ ಇದರಲ್ಲೇ,” ಎಂದ. ಊರೆಂದರೆ ಕುಂದಾಪುರದ ಕಡೆ.

ನಮ್ಮ ಕಾಲದಲ್ಲಿ ಊರಿಗೆ ಹೋಗುವುದೆಂದರೆ ಕೆಡದ ತಿಂಡಿಯ ಲೆಕ್ಕಾಚಾರ. 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿ ತೆರೆಯುವ ತನಕ ಕರಾವಳಿಯವರಿಗೆ ಬಸ್ಸೇ ಗತಿ. ಘಟ್ಟದ ಮೇಲೆ ಘಟ್ಟ ಹತ್ತಿಳಿದು ಊರು ಮುಟ್ಟುವಷ್ಟರಲ್ಲಿ ಬೆನ್ನು ಯಾರದ್ದೋ ಆಗಿರುತ್ತಿತ್ತು. ಒಗ್ಗರಣೆ ಹಾಕಿದ ಅವಲಕ್ಕಿ, ಹುಣಿಸೆ ಹುಳಿ ಬಿದ್ದ ಚಿತ್ರಾನ್ನ, ಚಕ್ಕುಲಿ, ಬಾಳೆಹಣ್ಣು. ತೆಂಗಿನಕಾಯಿ ಚಟ್ನಿ ನಿಷಿದ್ಧ, ಮಧ್ಯಾಹ್ನಕ್ಕೇ ಹಳಸುತ್ತದೆ. ಮೊಸರನ್ನಕ್ಕೆ ಮೊಸರು ಹಾಕದೆ ಹಾಲು ಹಾಕಿ ಚಮಚೆಯಷ್ಟು ಮಜ್ಜಿಗೆ ಬೆರೆಸಿದರೆ ಹೊತ್ತೇರುವಾಗ ಸರಿಯಾಗಿ ಹೆಪ್ಪಾಗುತ್ತದೆ. ದಕ್ಷಿಣದ ಹೆಂಗಸರು ಪ್ರಯಾಣದ ಸೆಕೆಯನ್ನೇ ಕೆಲಸಕ್ಕೆ ಹಚ್ಚಿದ ಈ ಉಪಾಯಕ್ಕೆ ಪೇಟೆಂಟ್ ಯಾರೂ ಕೇಳಲಿಲ್ಲ. ನೀರಿಗೆ ಮಣ್ಣಿನ ಕೂಜೆ. ಹುಬ್ಬಳ್ಳಿ, ಧಾರವಾಡದ ಕಡೆ ಹೋಗುವವರ ಕೂಜೆಯಲ್ಲಿ ನೀರು ಹಲ್ಲು ಜುಮ್ಮೆನ್ನುವಷ್ಟು ತಂಪಾಗಿರುತ್ತಿತ್ತು; ಚಿಪ್ಳೂಣದ ದಾರಿಯ ನಮ್ಮದರಲ್ಲಿ ಅಷ್ಟಕ್ಕಷ್ಟೆ. ಕೂಜೆಯ ಮೈಯಿಂದ ನೀರು ಆವಿಯಾಗುವಾಗ ಒಳಗಿನ ಬಿಸಿ ಕೊಂಡೊಯ್ಯಬೇಕಲ್ಲ, ಕೊಂಕಣದ ಗಾಳಿಯೋ ಮೊದಲೇ ಹಸಿ. ಅದು ಇನ್ನೆಷ್ಟು ನೀರು ಹೊತ್ತೀತು?

ಫ್ರಿಜ್ಜಿನ ನಿಜವಾದ ಪಾಠ ಡೊಂಬಿವಲಿಯವರಿಗೆ ಕಲಿಸಿದ್ದು ಲೋಡ್‌ಶೆಡ್ಡಿಂಗ್. 2005ರ ಆಸುಪಾಸಿನ ವರ್ಷಗಳಲ್ಲಿ ಮುಂಬಯಿ ನಗರದಲ್ಲಿ ದೀಪ ಉರಿಯುತ್ತಿತ್ತು. ಕಲ್ಯಾಣ, ಡೊಂಬಿವಲಿಯಲ್ಲಿ ಗಂಟೆಗಟ್ಟಲೆ ಕರೆಂಟು ಇರುತ್ತಿರಲಿಲ್ಲ. ಕರೆಂಟು ಹೋದೊಡನೆ ಮನೆಯ ಹಿರಿಯರು ಫ್ರಿಜ್ಜಿನ ಮುಂದೆ ಕುರ್ಚಿ ಹಾಕಿ ಕೂರುತ್ತಿದ್ದರು, ಯಾರೂ ಬಾಗಿಲು ತೆರೆಯಬಾರದೆಂದು. ಸಂಜೆ ನೀರಿನ ಬಾಟಲಿಗಳನ್ನು ಮೇಲಿನ ಖಾನೆಯಲ್ಲಿ ಗಡ್ಡೆ ಕಟ್ಟಿಸಿ ಕೆಳಗಿಳಿಸುವುದು, ಬಿಸಿ ಸಾರಿನ ಪಾತ್ರೆ ಒಳಗಿಡದಿರುವುದು, ಬಾಗಿಲಿಗೂ ಚೌಕಟ್ಟಿಗೂ ನಡುವೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಎಳೆದು ರಬ್ಬರಿನ ಬಿಗಿ ನೋಡುವುದು, ಇವೆಲ್ಲ ಆಗ ಮಕ್ಕಳಿಗೂ ಗೊತ್ತು. ಅದಕ್ಕೂ ಹಿಂದೆ, ಚಾಳಿನ ದಿನಗಳಲ್ಲಿ, ಫ್ರಿಜ್ ಒಂದು ಮನೆಯದ್ದಾದರೂ ಐಸು ಇಡೀ ಸಾಲಿನದ್ದು. 1958ರಲ್ಲಿ ಗೋದ್ರೆಜ್ ಇಲ್ಲೇ ಫ್ರಿಜ್ ತಯಾರಿಸತೊಡಗಿದರೂ ಅದು ನಮ್ಮ ಚಾಳಿನ ಮೆಟ್ಟಿಲು ಹತ್ತಲು ಎರಡು ತಲೆಮಾರು ಬೇಕಾಯಿತು.

ಐಸಿಗಾಗಿ ಮನುಷ್ಯ ಎಷ್ಟು ದೂರ ಹೋಗಿದ್ದಾನೆಂದರೆ, 1833ರಲ್ಲಿ ಬೋಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಕೆರೆಯ ಮಂಜುಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಹುದುಗಿಸಿ ಹಡಗಿನಲ್ಲಿ ಕಲ್ಕತ್ತೆಗೆ ಕಳಿಸಿದ. ಸುಮಾರು 180 ಟನ್ ಹೊರಟಿತ್ತು. ನಾಲ್ಕು ತಿಂಗಳ ಸಮುದ್ರಯಾನ ಮುಗಿದಾಗ 100 ಟನ್ನಿನಷ್ಟು ಉಳಿದಿತ್ತು. ಕರೆಂಟಿಲ್ಲ, ಕಂಪ್ರೆಸರಿಲ್ಲ, ಬರೀ ಹೊಟ್ಟು. ನಮ್ಮ ಟ್ರಾವೆಲರ್ ಡೊಂಬಿವಲಿಯಿಂದ ಪನ್ವೇಲ್ ಮುಟ್ಟುವಷ್ಟರಲ್ಲಿ ಬೆಣ್ಣೆ ತುಪ್ಪವಾಗಿತ್ತೆಂಬುದನ್ನು ಟ್ಯೂಡರ್ ಕೇಳಿಸಿಕೊಳ್ಳದಿರಲಿ.

ಈ ಗಾಡಿಗೂ ಮೊದಲು ಅಣ್ಣನ ಮಗನ ಕಾರಿನಲ್ಲೊಂದು ನೀಲಿ ತಂಪುಪೆಟ್ಟಿಗೆಯಿತ್ತು, ಉಲ್ಹಾಸನಗರದಲ್ಲಿ ಚೌಕಾಸಿ ಮಾಡಿ ತಂದದ್ದು. ಕಲ್ಯಾಣದ ಪಕ್ಕದ ಆ ಊರು ಎರಡನೆಯ ಮಹಾಯುದ್ಧದ ಮಿಲಿಟರಿ ಕ್ಯಾಂಪು. ದೇಶ ಒಡೆದಾಗ ಉಟ್ಟ ಬಟ್ಟೆಯಲ್ಲಿ ಬಂದ ಸಿಂಧಿಗಳು ಅದೇ ಬ್ಯಾರಕುಗಳಲ್ಲಿ ಕೂತು ಮಾರುಕಟ್ಟೆ ಕಟ್ಟಿದರು. ಅಲ್ಲಿಯ ಸರಕಿನ ಮೇಲೆ ‘ಮೇಡ್ ಇನ್ ಯುಎಸ್‌ಎ’ ಎಂದಿದ್ದರೆ ಅದು ಉಲ್ಹಾಸನಗರ ಸಿಂಧಿ ಅಸೋಸಿಯೇಷನ್ ಎಂಬ ಹಾಸ್ಯ ನಮ್ಮ ಲೋಕಲ್ ಟ್ರೇನುಗಳಷ್ಟೇ ಹಳತು. ಪೆಟ್ಟಿಗೆಯ ತಪ್ಪೇನಿರಲಿಲ್ಲ. ಎರಡು ಬಗೆಯ ಲೋಹದ ಜೋಡಣೆಯಲ್ಲಿ ವಿದ್ಯುತ್ ಹರಿಸಿದರೆ ಒಂದು ಬದಿ ಬಿಸಿ, ಒಂದು ಬದಿ ತಂಪು ಎಂದು 1834ರಲ್ಲಿ ಪೆಲ್ಟಿಯರ್ ಎಂಬ ಫ್ರೆಂಚ್ ಗಡಿಯಾರದವನು ಕಂಡುಕೊಂಡ. ಪೆಟ್ಟಿಗೆಯೊಳಗೆ ಇರುವುದು ಅದೇ. ಹೊರಗಿನ ಸೆಕೆಗಿಂತ ಒಂದಿಪ್ಪತ್ತು ಡಿಗ್ರಿ ಕೆಳಗಿಳಿಸಬಲ್ಲದು, ಹೆಚ್ಚಿಲ್ಲ. ಮೇ ತಿಂಗಳಲ್ಲಿ ಕಾರಿನ ಡಿಕ್ಕಿ 42 ಡಿಗ್ರಿ ಇದ್ದರೆ ಒಳಗೆ 22. ಹಾಲು ಕೆಡಲು ಅಷ್ಟು ಸಾಕು. ಅದನ್ನು ಫ್ರಿಜ್ಜೆಂದು ಕರೆದು ಮಾರುವವರೂ ಕೊಳ್ಳುವವರೂ ಸಮಾನ ಭಾಗಿಗಳು.

ಮೆಲ್ಬರ್ನಿನಲ್ಲಿರುವ ತಂಗಿಯ ಮಗಳದ್ದು ಇನ್ನೊಂದೇ ಬಗೆ. ಬಾಡಿಗೆಗೆ ತಂದ ಕ್ಯಾರವಾನಿನಲ್ಲಿ ಶಬ್ದವೇ ಮಾಡದ ಫ್ರಿಜ್. “ಮಾವ, ಉಸಿರೇ ಇಲ್ಲ, ಸತ್ತಿದೆ,” ಎಂದು ಫೋನು ಮಾಡಿದಳು. ಸತ್ತಿರಲಿಲ್ಲ, ಅದಕ್ಕೆ ಹುಟ್ಟಿನಿಂದಲೇ ಉಸಿರಿಲ್ಲ. ಸ್ವೀಡನ್ನಿನಲ್ಲಿ ಫಾನ್ ಪ್ಲಾಟೆನ್, ಮುಂಟರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು 1922ರಲ್ಲಿ ಕಂಡುಹಿಡಿದ ಯಂತ್ರ. 1925ರಿಂದ ಎಲೆಕ್ಟ್ರೋಲಕ್ಸ್ ಮಾರಿತು. ಅಮೋನಿಯಾ, ನೀರು, ಹೈಡ್ರೋಜನ್ ಮೂರನ್ನು ಕೊಳವೆಯಲ್ಲಿ ಮುಚ್ಚಿ ಕೆಳಗೆ ಬೆಂಕಿ ಹಚ್ಚಿದರೆ ಮೇಲೆ ತಂಪು. ತಿರುಗುವ ಭಾಗ ಒಂದೂ ಇಲ್ಲ. ಕರೆಂಟು ಕಾಣದ ಊರುಗಳಲ್ಲಿ ಸೀಮೆಎಣ್ಣೆಯಿಂದ ನಡೆಯುತ್ತಿದ್ದ ಫ್ರಿಜ್ಜುಗಳು ಇದೇ ವಂಶದವು. ಐನ್‌ಸ್ಟೈನ್ ಕೂಡ ಭೌತವಿಜ್ಞಾನಿ ಸಿಲಾರ್ಡ್ ಜೊತೆ ಸೇರಿ ಇಂಥದ್ದೇ ಒಂದರ ಬೆನ್ನು ಹತ್ತಿ 1930ರಲ್ಲಿ ಅಮೆರಿಕದ ಪೇಟೆಂಟ್ ಪಡೆದಿದ್ದರು. ಬರ್ಲಿನ್ನಿನಲ್ಲೊಂದು ಕುಟುಂಬ ಫ್ರಿಜ್ಜಿನಿಂದ ಸೋರಿದ ವಿಷಾನಿಲಕ್ಕೆ ಬಲಿಯಾದ ಸುದ್ದಿ ಓದಿ ಅವರ ಮನಸ್ಸು ಕಲಕಿತ್ತಂತೆ. ತಂಗಿಯ ಮಗಳ ಆ ಫ್ರಿಜ್ಜಿನಲ್ಲಿ ದ್ರವ ತನ್ನ ಭಾರಕ್ಕೆ ತಾನೇ ಇಳಿಯಬೇಕು. ಗಾಡಿ ಓರೆಯಾಗಿ ನಿಂತರೆ ಇಳಿಯದು, ಬಿಸಿ ಬದಿಯಲ್ಲೇ ಕುದಿಯುತ್ತ ಕೂರುತ್ತದೆ. “ಗಾಡಿ ಎಲ್ಲಿ ನಿಲ್ಲಿಸಿದ್ದೀ?” ಎಂದೆ. ಗುಡ್ಡದ ಇಳಿಜಾರಿನಲ್ಲಿ, ಕಡಲು ಚಂದ ಕಾಣುತ್ತದೆಂದು. ಸಮತಟ್ಟು ಜಾಗಕ್ಕೆ ತಂದು ರಾತ್ರಿಯಿಡೀ ಬಿಟ್ಟ ಮೇಲೆ ಬೆಳಿಗ್ಗೆ ಐಸು. ಈ ಜಾತಿಯವು ತಂಪಾಗಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತವೆ. ಅರ್ಧ ಗಂಟೆಗೊಮ್ಮೆ ಬಾಗಿಲು ತೆರೆದು ಕೈ ಆಡಿಸುವವರಿಗೆ ಅಲ್ಲ.

ಇರಲಿ, ನಮ್ಮ ಸವಾರಿ ಹೊರಡಲಿ. ಮೇ ತಿಂಗಳ ಬೆಳಿಗ್ಗೆ, ಡೊಂಬಿವಲಿ ಪೂರ್ವ. ಫ್ರಿಜ್ಜಿನೊಳಗೆ ಹಾಲು, ಮೊಸರು, ಬೆಣ್ಣೆ, ಅತ್ತಿಗೆ ಹಿಂದಿನ ಸಂಜೆಯಷ್ಟೇ ರುಬ್ಬಿದ ಇಡ್ಲಿ ಹಿಟ್ಟು ದೊಡ್ಡ ಸ್ಟೀಲ್ ಡಬ್ಬಿಯಲ್ಲಿ, ಮತ್ತು ಅಣ್ಣನ ಇನ್ಸುಲಿನ್. ಕಲ್ಯಾಣ-ಶಿಳ್ ರಸ್ತೆಯಲ್ಲಿ ಪಲಾವಾ ದಾಟಿ ಶಿಳ್‌ಫಾಟಾಕ್ಕೆ ಬರುವಾಗ ಎದುರು ಟ್ರೇಲರುಗಳ ಗೋಡೆ. ಶಿಳ್‌ಫಾಟಾದಲ್ಲಿ ಕಾದ ಸಮಯವನ್ನೆಲ್ಲ ಒಟ್ಟುಹಾಕಿದರೆ ಡೊಂಬಿವಲಿಯವರ ಸರಾಸರಿ ಆಯುಸ್ಸು ಲೆಕ್ಕದ ಪುಸ್ತಕದಲ್ಲಿ ಇನ್ನೂ ಕಡಿಮೆ ಬರಬೇಕು. ಅಲ್ಲಿ ನಿಂತಲ್ಲೇ ಮೊದಲ ಲಕ್ಷಣ ಕಂಡಿತು: ಕಂಪ್ರೆಸರು ಗುಂಯ್ ಎಂದು ಶುರುವಾಗುತ್ತದೆ, ಸ್ವಲ್ಪ ಹೊತ್ತಿಗೆ ಟಪ್ಪೆಂದು ನಿಲ್ಲುತ್ತದೆ, ಮತ್ತೆ ಗುಂಯ್. ಪಕ್ಕದಲ್ಲಿ ಪುಟ್ಟ ಕೆಂಪು ದೀಪ ಮಿಟುಕುತ್ತದೆ.

“ದೀಪ ಉರೀತಾ ಉಂಟಲ್ಲ, ಸರಿ ಉಂಟು,” ಎಂದ ಅಣ್ಣ.

ಆ ದೀಪ ಉರಿಯುವುದೇ ಸರಿ ಇಲ್ಲ ಎಂದು ಹೇಳುವುದಕ್ಕೆ. ಇಂಥ ಫ್ರಿಜ್ಜುಗಳಲ್ಲಿ ಬಹಳಷ್ಟರೊಳಗೆ ಡ್ಯಾನ್‌ಫಾಸ್ ಮಾದರಿಯ ಸಣ್ಣ ಕಂಪ್ರೆಸರು ಇರುತ್ತದೆ. ಅದರ ಭಾಷೆ ಮಿಟುಕಿನದ್ದು. ಒಂದು ಮಿಟುಕು, ನಿಲುವು, ಮತ್ತೆ ಒಂದು ಮಿಟುಕು ಬಂದರೆ ವೋಲ್ಟೇಜು ಸಾಲದೆಂದು ಬ್ಯಾಟರಿ ಉಳಿಸಲು ತಾನೇ ನಿಂತಿದೆ. ಎರಡಾದರೆ ಫ್ಯಾನಿನ ತೊಂದರೆ. ಮೂರಾದರೆ ಮೋಟಾರು ಶುರುವಾಗಲು ಒದ್ದಾಡುತ್ತಿದೆ. ನಾಲ್ಕಾದರೆ ಬೇಕಾದ ವೇಗ ಹಿಡಿಯುತ್ತಿಲ್ಲ. ಐದಾದರೆ ಮೈ ಕಾದಿದೆ. ರೋಗವನ್ನು ರೋಗಿಯೇ ಹೇಳುವ ಇಂಥ ಯಂತ್ರದ ಮುಂದೆ ಕೂತು ನಾವು ಶಿಳ್‌ಫಾಟಾದಿಂದ ತಳೋಜಾವರೆಗೆ ಚರ್ಚೆ ಮಾಡಿದೆವು. ಫ್ರಿಜ್ಜಿನ ಜೊತೆ ಬಂದ ಪುಸ್ತಕ ಕಪಾಟಿನ ಖಾನೆಯಲ್ಲಿತ್ತು, ಆ ಖಾನೆಯ ಮುಂದೆ ಅತ್ತಿಗೆಯ ಉಪ್ಪಿನಕಾಯಿ ಭರಣಿಗಳಿದ್ದವು, ಭರಣಿಗಳನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗೆ ನನ್ನ ಹೆಂಡತಿಯೇ ತೆಗೆದು ಓದಿದಳು. ಒಂದು ಮಿಟುಕು: ವೋಲ್ಟೇಜು.

ಅಣ್ಣನ ಇನ್ಸುಲಿನ್ ಬಗ್ಗೆ ಎಲ್ಲರಿಗಿಂತ ಕಡಿಮೆ ಗಾಬರಿಯಾದವಳು ಅತ್ತಿಗೆ. ಸೀಲು ಒಡೆದ ಬಾಟಲಿ ನಾಲ್ಕು ವಾರದ ತನಕ ಸಾಮಾನ್ಯ ಹವೆಯಲ್ಲಿ, ಬಿಸಿಲು ತಾಗದೆ, 25ರಿಂದ 30 ಡಿಗ್ರಿಯೊಳಗಿದ್ದರೆ ಸಾಕು. ಒಡೆಯದ್ದಕ್ಕೆ ಮಾತ್ರ 2ರಿಂದ 8 ಡಿಗ್ರಿ ಬೇಕು. ಹೆಪ್ಪುಗಟ್ಟಿದರೆ ಎಸೆಯಬೇಕಾದ್ದರಿಂದ ಗಡ್ಡೆಗೆ ತಾಗಿಸಿ ಇಡಬಾರದು. ಅವಳು ಒಡೆಯದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಅಗಲಬಾಯಿಯ ಥರ್ಮಾಸಿಗೆ ವರ್ಗಾಯಿಸಿದಳು, ಜೊತೆಗೆ ಇನ್ನೂ ತಣ್ಣಗಿದ್ದ ನೀರಿನ ಬಾಟಲಿಯೊಂದನ್ನು. ಊರಿನಲ್ಲಿ ಆರೋಗ್ಯ ಕಾರ್ಯಕರ್ತೆಯರು ಲಸಿಕೆಯನ್ನು ನಾಲ್ಕು ಐಸ್ ಪ್ಯಾಕಿನ ಪೆಟ್ಟಿಗೆಯಲ್ಲಿ ಹೆಗಲಿಗೆ ಹಾಕಿಕೊಂಡು ಗುಡ್ಡ ಹತ್ತುವುದನ್ನು ಕಂಡವಳು. ಅವಳಿಗೆ ಈ ಮಿಟುಕು ದೀಪ ಯಾವ ಲೆಕ್ಕ?

ಕಳಂಬೋಲಿಗೆ ಬಂದೆವು. ಇನ್ನೂ ನವಿ ಮುಂಬಯಿಯನ್ನೇ ದಾಟಿಲ್ಲ. ಅಲ್ಲೊಂದು ದೊಡ್ಡ ಕಬ್ಬಿಣದ ಮಾರುಕಟ್ಟೆ, ಹಾಗಾಗಿ ಲಾರಿಗಳು, ಲಾರಿಗಳಿರುವಲ್ಲಿ ಅಟೋ ಇಲೆಕ್ಟ್ರಿಷಿಯನ್ನರ ಸಾಲು. ಮೊದಲು ಸಿಕ್ಕ ಎಸಿ ಅಂಗಡಿಯವನು ಗಾಡಿಯೊಳಗೆ ತಲೆ ಹಾಕಿ, ಮೂಸಿ, “ಗ್ಯಾಸ್,” ಎಂದ. ವಾಸನೆಯಿಲ್ಲದ ಗ್ಯಾಸನ್ನು ಮೂಸಿ ಹೇಳಿದ ಆ ಮನುಷ್ಯನ ಪ್ರತಿಭೆಗೆ ಕೈ ಮುಗಿದು ಮುಂದೆ ಹೋದೆವು. ಎರಡನೆಯವನು ಮೀಟರು ತಂದು ಬ್ಯಾಟರಿಗೆ ಹಿಡಿದ. 12.4. “ಬ್ಯಾಟರಿ ಟಣಾಟಣ್,” ಎಂದು ನಮ್ಮನ್ನೇ ಅನುಮಾನದಿಂದ ನೋಡಿದ. ಅಣ್ಣನ ಮಗನ ಮುಖ ಬಾಡಿತು. ಪುಸ್ತಕ ವೋಲ್ಟೇಜು ಇಲ್ಲ ಎನ್ನುತ್ತದೆ, ಮೀಟರು ಇದೆ ಎನ್ನುತ್ತದೆ.

ಮೂರನೆಯವನು ವಯಸ್ಸಾದ ಉತ್ತರಪ್ರದೇಶದವನು, ಲಾರಿಯೊಂದರ ಕೆಳಗಿಂದ ಹೊರಬಂದ. ಕತೆಯೆಲ್ಲ ಕೇಳಿ ಬ್ಯಾಟರಿಯ ಹತ್ತಿರ ಹೋಗಲೇ ಇಲ್ಲ. ಮೀಟರಿನ ಕಡ್ಡಿಗಳನ್ನು ಫ್ರಿಜ್ಜಿನ ಹಿಂದಿನ ತಂತಿಯ ತುದಿಗೇ ಹಿಡಿದು, “ಚಾಲೂ ಕರೋ,” ಎಂದ. ನಿಂತಿದ್ದಾಗ 12.1 ತೋರಿಸುತ್ತಿದ್ದ ಮೀಟರು ಕಂಪ್ರೆಸರು ಗುಂಯ್ ಎನ್ನುತ್ತಲೇ 10.3ಕ್ಕೆ ಬಿತ್ತು. ಟಪ್. ಮತ್ತೆ 12.1. ಆ ಮೇಲೆ ತಂತಿಯ ಉದ್ದಕ್ಕೂ ಅಂಗೈ ಸವರುತ್ತ ಹೋದ. ಫ್ಯೂಸಿನ ಗೂಡಿನ ಹತ್ತಿರ ಕೈ ನಿಲ್ಲಿಸಿ, ಮಗನ ಕೈಯನ್ನೂ ಹಿಡಿದು ಅಲ್ಲಿಡಿಸಿದ. ಬಿಸಿ. “ಥಂಡಕ್ ಕಾ ಪೈಸಾ ಯಹಾಂ ಗರಮ್ ಹೋ ರಹಾ ಹೈ,” ಎಂದ.

ಲೆಕ್ಕ ಆಮೇಲೆ ಕಾಗದದ ಮೇಲೆ ಮಾಡಿ ನೋಡಿದೆವು. ಬ್ಯಾಟರಿ ಮುಂದಿನ ಸೀಟಿನಡಿ, ಫ್ರಿಜ್ ಹಿಂದೆ; ತಂತಿ 6 ಮೀಟರು, ಹೋಗಿಬರುವ ದಾರಿ ಸೇರಿ 12. ಗ್ಯಾರೇಜಿನವನು ದೀಪಕ್ಕೆಳೆಯುವ ಒಂದು ಚದರ ಮಿಲಿಮೀಟರಿನ ತಂತಿಯನ್ನೇ ಫ್ರಿಜ್ಜಿಗೂ ಎಳೆದಿದ್ದ. 6 ಆಂಪಿಯರ್ ಹರಿದರೆ ಆ ತಂತಿಯೊಂದೇ 1.2 ವೋಲ್ಟ್ ನುಂಗುತ್ತದೆ. ತುಕ್ಕು ಹಿಡಿದ ಫ್ಯೂಸಿನ ಗೂಡು ಉಳಿದದ್ದನ್ನು. ಮನೆಯ 230 ವೋಲ್ಟಿನಲ್ಲಿ ಒಂದೆರಡು ವೋಲ್ಟು ಹೋದರೆ ಕೇಳುವವರಿಲ್ಲ. 12ರಲ್ಲಿ ಹೋದರೆ ಸಂಸಾರವೇ ನಿಲ್ಲುತ್ತದೆ. ನಮ್ಮ ಫ್ರಿಜ್ 10.4ಕ್ಕೆ ಕೆಲಸ ನಿಲ್ಲಿಸುತ್ತದೆ, 11.7 ಕಂಡರೆ ಮತ್ತೆ ಶುರುಮಾಡುತ್ತದೆ. ನಿಂತೊಡನೆ ಹರಿವಿಲ್ಲ, ಹರಿವಿಲ್ಲದಿದ್ದರೆ ನಷ್ಟವಿಲ್ಲ, ವೋಲ್ಟೇಜು ಮೇಲೇರುತ್ತದೆ, ಮತ್ತೆ ಗುಂಯ್. ಹೊರೆಯಿಲ್ಲದಾಗ ಅಳೆದ ವೋಲ್ಟೇಜು ಮದುವೆಗೆ ಮುಂಚೆ ನೀಡಿದ ಆಶ್ವಾಸನೆ ಎಂದು ಅಣ್ಣ ಅತ್ತಿಗೆಗೆ ಕೇಳದ ಹಾಗೆ ಹೇಳಿದ.

ಆರು ಚದರ ಮಿಲಿಮೀಟರಿನ ತಾಮ್ರದ ತಂತಿ, ಹೊಸ ಫ್ಯೂಸಿನ ಗೂಡು, ತಂತಿಯ ತುದಿಗೆ ಒತ್ತಿ ಕೂರಿಸಿದ ಲಗ್ಗುಗಳು. ನಷ್ಟ ಕಾಲು ವೋಲ್ಟಿಗಿಂತ ಕಡಿಮೆಯಾಯಿತು. ಮುದುಕ ಅಷ್ಟಕ್ಕೇ ಬಿಡಲಿಲ್ಲ. ಸಾಗುವಾನಿ ಬಣ್ಣದ ಕಪಾಟನ್ನು ಸುತ್ತ ತಟ್ಟಿ ನೋಡಿ, ಬಿಸಿ ಹೋಗುವುದೆಲ್ಲಿಂದ ಎಂದು ಕೇಳಿದ. ಹೋಗಲು ದಾರಿಯೇ ಇರಲಿಲ್ಲ. ಚಂದ ಕಾಣಲೆಂದು ನಾಲ್ಕೂ ಕಡೆ ಮುಚ್ಚಿದ್ದರು. ಫ್ರಿಜ್ ಚೆಲ್ಲಿದ ಬಿಸಿ ಅಲ್ಲೇ ಸುತ್ತಿ ಮತ್ತೆ ಫ್ರಿಜ್ಜಿನ ಬೆನ್ನಿಗೇ ಬೀಳುತ್ತಿತ್ತು. ಕೆಳಗೊಂದು, ಮೇಲೊಂದು ಅಗಲ ತೂತು ಕೊರೆದು ಜಾಲರಿ ಹೊಡೆದ. ಆ ಡ್ರಿಲ್ಲಿನ ಸದ್ದಿಗೆ ಮಗ ಗಾಡಿಯಿಂದ ಇಳಿದು ದೂರ ಹೋಗಿ ನಿಂತ, ಕಪಾಟಿಗೆ ಕೊಟ್ಟ ದುಡ್ಡು ನೆನಪಾಗಿ. ಇನ್ನೊಂದು ಮಾತು ಅವನಿಗೆ ಆಮೇಲೆ ತಿಳಿಯಿತು: ಬಿಎಸ್-6 ಮಾಲಿನ್ಯ ನಿಯಮದ ಕಾಲದ ಎಷ್ಟೋ ಗಾಡಿಗಳಲ್ಲಿ ಆಲ್ಟರ್ನೇಟರು ಬಲು ಜಿಪುಣ, ಮುಖ್ಯ ಬ್ಯಾಟರಿ ತುಂಬಿತೆಂದು ಕಂಡೊಡನೆ ವೋಲ್ಟೇಜು ಇಳಿಸಿಬಿಡುತ್ತದೆ, ಎರಡನೆಯ ಬ್ಯಾಟರಿಗೆ ಹೊಟ್ಟೆ ತುಂಬ ಸಿಗಬೇಕಾದರೆ ನಡುವೆ ಬೇರೆಯೇ ಚಾರ್ಜರ್ ಬೇಕು. ಅವನ ಗಾಡಿ ಹಳೆಯದು, ಬದುಕಿಕೊಂಡ.

ಈ ಎಲ್ಲದರ ನಡುವೆ ಇಡ್ಲಿ ಹಿಟ್ಟಿನ ಡಬ್ಬಿಯ ಮುಚ್ಚಳ ತಾನಾಗಿ ಎದ್ದಿತ್ತು. ಕಳಂಬೋಲಿಯ ಮೇ ತಿಂಗಳ ಸೆಕೆ, ಸರಿಯಾಗಿ ರುಬ್ಬಿದ ಉದ್ದು, ಹೊತ್ತು ಮಧ್ಯಾಹ್ನ. ಅತ್ತಿಗೆ ಹಿಟ್ಟಿನ ಕಡೆ ಒಮ್ಮೆ ನೋಡಿ ತೀರ್ಪು ಕೊಟ್ಟಳು: “ಇನ್ನು ಕಾದ್ರೆ ಹುಳಿ. ಈಗಲೇ ಎರೀಬೇಕು.” ಲಾರಿಗಳ ನಡುವೆ, ಕಬ್ಬಿಣದ ಸಲಾಕೆಗಳ ಗದ್ದಲದಲ್ಲಿ, ಗಾಡಿಯ ಒಲೆಯ ಮೇಲೆ ಇಡ್ಲಿ ಪಾತ್ರೆ ಏರಿತು. ಮುದುಕ ತಿಂದ, ಅವನ ಕೆಲಸದ ಹುಡುಗರು ತಿಂದರು, ಪಕ್ಕದ ಲಾರಿಯ ಕ್ಲೀನರ್ ಬಂದು ನಿಂತವನಿಗೂ ತಟ್ಟೆ ಹೋಯಿತು. ಗ್ಯಾಸ್ ಎಂದವನು ಕೂಡ ದೂರದಿಂದ ನೋಡುತ್ತಿದ್ದ; ಅವನನ್ನೂ ಕರೆದಳು. ಮೊಸರು ಮುಗಿಯಿತು, ಹಾಲು ಚಹಾಕ್ಕೆ ಹೋಯಿತು, ಕರಗಿದ ಬೆಣ್ಣೆ ಇಡ್ಲಿಯ ಮೇಲೆ. ಪನ್ವೇಲ್ ದಾಟುವಾಗ ಫ್ರಿಜ್ 4 ಡಿಗ್ರಿ ತೋರಿಸುತ್ತ ಹಾಯಾಗಿ ಗುನುಗುತ್ತಿತ್ತು, ಒಳಗೆ ಥರ್ಮಾಸಿನಿಂದ ಮರಳಿದ ಇನ್ಸುಲಿನ್ ಬಿಟ್ಟರೆ ಒಂದು ಕಟ್ಟು ಕೊತ್ತಂಬರಿ ಸೊಪ್ಪು. ಖಾಲಿ ಫ್ರಿಜ್ಜಿನಲ್ಲಿ ತಂಪು ನಿಲ್ಲದು, ಬಾಗಿಲು ತೆರೆದಾಗಲೆಲ್ಲ ಗಾಳಿಯೊಂದಿಗೆ ಹೊರಟುಹೋಗುತ್ತದೆ. ಹಾಗಾಗಿ ನೀರಿನ ಬಾಟಲಿ ಕೊಂಡು ತುಂಬಿಸಿದೆವು.

2011ರಲ್ಲಿ ಶುರುವಾದ ಗೋವಾ ಹೆದ್ದಾರಿಯ ಅಗಲೀಕರಣ ನಮಗೆ ದಾರಿಯುದ್ದಕ್ಕೂ ಜೊತೆ ಕೊಟ್ಟಿತು. ಆ ಕುಲುಕಿಗೆ ಹಲ್ಲು ಸಡಿಲವಾದರೂ ಲಗ್ಗುಗಳು ಸಡಿಲವಾಗಲಿಲ್ಲ.

ಬರುವಾಗ ಬೇರೆ ತಕರಾರು. ಊರಿನಿಂದ ಹೊರಡುವ ದಿನ ಅತ್ತಿಗೆ ಬಾಳೆಎಲೆಯಲ್ಲಿ ಸುತ್ತಿದ ಶಂಕರಪುರ ಮಲ್ಲಿಗೆಯ ಚೆಂಡುಗಳನ್ನು ತಂದಳು, ಡೊಂಬಿವಲಿಯ ಅಕ್ಕಪಕ್ಕದವರಿಗೆಲ್ಲ ಹಂಚಲು. ಅಣ್ಣ ಗಂಗೊಳ್ಳಿಯ ಬಂದರಿನಿಂದ ಅಂಜಲ್ ಮೀನು ತಂದ, ತನಗೊಬ್ಬನಿಗೇ. ಫ್ರಿಜ್ ಒಂದು. ಮಲ್ಲಿಗೆ ಒಳಗೆ ಹೋದರೆ ಮೀನು ಹೊರಗೆ, ಮೀನು ಒಳಗೆ ಹೋದರೆ ಕಟ್ಟಡದ ಹೆಂಗಸರೆಲ್ಲ ಅಂಜಲ್ ಮುಡಿದು ಓಡಾಡಬೇಕಾಗುತ್ತದೆ. ಮಗ ಪುಸ್ತಕ ತೆಗೆದು ನೋಡಿದ. ಐದು ಮಿಟುಕುಗಳಲ್ಲಿ ಈ ತೊಂದರೆಗೆ ಒಂದೂ ಇರಲಿಲ್ಲ. ಮೀನು ಥರ್ಮಾಕೋಲ್ ಪೆಟ್ಟಿಗೆಯಲ್ಲಿ, ಬಂದರಿನವರೇ ಕೊಟ್ಟ ಪುಡಿ ಐಸಿನ ನಡುವೆ, ಗಾಡಿಯ ತಲೆಯ ಮೇಲೆ ಕೂತು ಬಂತು. ಶಿಳ್‌ಫಾಟಾದಲ್ಲಿ ಕಾಯುವಾಗಲೂ ಐಸು ಉಳಿದಿತ್ತು ಎಂದು ಅಣ್ಣ ಈಗಲೂ ಮಗನನ್ನು ಕೆಣಕುತ್ತಾನೆ.